ಹಾಡಿಗೆ ಅವರು ‘ಯಾಚ್ಕ’ ಎನ್ನುತ್ತಾರೆ

ಸ್ನೇಹಿತರೇ,

ಕ್ರೊವೇಷಿಯನ್ ಭಾಷೆಯಲ್ಲಿ ಹಾಡಿಗೆ ‘ಪ್ಯೆಸ್ಮ’ ಎಂಬ ಪದವಿದೆ. ಆಸ್ಟ್ರಿಯದ ಬುರ್ಗನ್‌ಲಾಂಡ್ ಪ್ರಾಂತದಲ್ಲಿ ನೆಲೆಸಿರುವ ಕ್ರೊವೇಷಿಯನ್ನರು ಮಾತ್ರ ಅದನ್ನು ‘ಯಾಚ್ಕ’ ಎನ್ನುತ್ತಾರೆ. 1871ರಲ್ಲಿ ಕ್ರೊವೇಷಿಯದ ರಾಜಧಾನಿ ಜಾಗ್ರೆಬ್‌ನಲ್ಲಿ ಅಚ್ಚಾದ ಅವರ ಜನಪದ ಗೀತೆಗಳ ಸಂಗ್ರಹಕ್ಕೂ ‘ಯಾಚ್ಕೆ’ (ಯಾಚ್ಕದ ಬಹುವಚನ) ಎಂದೇ ಹೆಸರು. ಹಾಗೆ ಹೆಸರಿಟ್ಟವರು ಅಲ್ಲಿಯವರಲ್ಲ. ಕ್ರೊವೇಷಿಯದ ಲಿಕಾ ಸೀಮೆಯಲ್ಲಿ 1811ರಲ್ಲಿ ಹುಟ್ಟಿದ ಲೇಖಕ, ಮೇಷ್ಟ್ರು ಫ್ರಾನ್ ಕುರೆಲಾಟ್ಸ್.

ಒಟ್ಟೋಮನ್ ದಾಳಿಗೆ ನೆಲೆ ತಪ್ಪಿದ ಕ್ರೊವೇಷಿಯನ್ ರೈತರು 16ನೆಯ ಶತಮಾನದಲ್ಲಿ ಉತ್ತರಕ್ಕೆ ಹೋಗಿ, ಆಗಿನ ಪಶ್ಚಿಮ ಹಂಗೇರಿಯ ಪಾಳುಬಿದ್ದ ಹಳ್ಳಿಗಳಲ್ಲಿ ಒಕ್ಕಲಾದರು. ಮುನ್ನೂರು ವರ್ಷಗಳ ಬಳಿಕ, 1846ರಿಂದ 1848ರವರೆಗೆ, ಕುರೆಲಾಟ್ಸ್ ಅವರ ನಡುವೆ ಇದ್ದು ಹಾಡುಗಳನ್ನು ಬರೆದುಕೊಂಡರು. ಅದು ಜಾಗ್ರೆಬ್‌ನ ವಿದ್ವಾಂಸರು ಎಲ್ಲರಿಗೂ ಒಪ್ಪುವ ಶಿಷ್ಟಭಾಷೆಯೊಂದನ್ನು ಕಟ್ಟಲು ಹೊರಟಿದ್ದ ಕಾಲ. ಅಂಥ ಹೊತ್ತಿನಲ್ಲಿ ದೂರದ ಹಳ್ಳಿಗರ ಪದವನ್ನು ಪುಸ್ತಕದ ನೆತ್ತಿಯ ಮೇಲಿಡಲು ಹಟ ಬೇಕು. ಕುರೆಲಾಟ್ಸ್‌ಗೆ ಅದು ಬೇಕಾದಷ್ಟಿತ್ತು. ಮುಂದೆ ರಿಯೆಕಾ ನಗರದ ಶಾಲೆಯಲ್ಲಿ ಪಾಠ ಹೇಳುತ್ತಾ, ಷಷ್ಠಿ ವಿಭಕ್ತಿಯ ಬಹುವಚನಕ್ಕೆ ಪ್ರತ್ಯಯವೇ ಬೇಡ ಎಂದು ಜಾಗ್ರೆಬ್‌ನವರ ಜೊತೆ ಜಗಳ ಕಾದವರು ಅವರು. ಆ ಜಗಳದಲ್ಲಿ ಅವರು ಸೋತರು. ವಿಭಕ್ತಿಗಾಗಿ ಜಗಳವಾಡುವವರನ್ನು ಕಂಡರೆ ನನಗೆ ಸ್ವಲ್ಪ ಹೆಚ್ಚೇ ಪ್ರೀತಿ, ಅದನ್ನು ಮುಚ್ಚಿಡುವುದಿಲ್ಲ.

ಅವರು ಸಂಗ್ರಹಿಸಿದ್ದು ಹಾಡುಗಳನ್ನು. ಅದೇ ಮಾತಿನಲ್ಲಿ ಹೊಸದಾಗಿ ಬರೆಯಲು ಒಳಗಿನವರೊಬ್ಬರು ಬೇಕಿತ್ತು. 1850ರಲ್ಲಿ ಫ್ರಾಕನಾವ ಎಂಬ ಹಳ್ಳಿಯಲ್ಲಿ ಹುಟ್ಟಿದ ಪಾದ್ರಿ ಮಾತೆ ಮೆರ್ಶಿಚ್ ಮಿಲೊರಾದಿಚ್ ತಮ್ಮ ಜನರ ನುಡಿಯಲ್ಲೇ ಕವಿತೆ ಬರೆದರು. ಅಲ್ಲಿಯವರೆಗೆ ಹಂಗೇರಿಯಲ್ಲಿದ್ದ ಬುರ್ಗನ್‌ಲಾಂಡ್ 1921ರಲ್ಲಿ ಆಸ್ಟ್ರಿಯಕ್ಕೆ ಸೇರಿತು. ಕವಿ ಹುಟ್ಟಿದ ಊರು ಗಡಿಯ ಆ ಕಡೆ ಹೋಯಿತು, ಅವರು ಪಾದ್ರಿಯಾಗಿದ್ದ ಕೆಮ್ಲ್ಯಾ ಹಂಗೇರಿಯಲ್ಲೇ ಉಳಿಯಿತು. ನಾವು ‘ಹೊರನಾಡು’ ಎಂದು ಸಲೀಸಾಗಿ ಹೇಳಿಬಿಡುತ್ತೇವೆ. 1928ರಲ್ಲಿ ತೀರಿಕೊಂಡ ಈ ಮನುಷ್ಯನಿಗೆ ಕೊನೆಗಾಲದಲ್ಲಿ ಹುಟ್ಟೂರೇ ಹೊರನಾಡಾಗಿತ್ತು.

ಕಾನೂನಿನ ಕಥೆ ಬೇರೆ. ಕ್ರೊವೇಷಿಯನ್‌ನಲ್ಲಿ ಪ್ರಾಥಮಿಕ ಶಿಕ್ಷಣ, ಎರಡೂ ಭಾಷೆಗಳ ನಾಮಫಲಕ ಎಂದು 1955ರ ಆಸ್ಟ್ರಿಯ ಒಪ್ಪಂದದ 7ನೆಯ ವಿಧಿ ಮಾತು ಕೊಟ್ಟಿತು. ಬುರ್ಗನ್‌ಲಾಂಡಿನಲ್ಲಿ ಊರಿನ ಹೆಸರಿನ ಫಲಕಗಳು ನಿಂತದ್ದು 2000ದಲ್ಲಿ. ನಾಲ್ಕು ಕಂಬ ನೆಡಲು ನಲವತ್ತೈದು ವರ್ಷ!

ಇಂದು ಅಲ್ಲಿನ ಕ್ರೊವೇಷಿಯನ್ನರ ಗುರುತು ಎಂದರೆ ತಂಬುರಿತ್ಸ ಎಂಬ ತಂತಿವಾದ್ಯ. ಅದು ಅಜ್ಜ ಮುತ್ತಜ್ಜರ ಕಾಲದ್ದೆಂದು ನಾನೂ ನಂಬಿದ್ದೆ. ಅದರ ಮೇಳಗಳು ಆ ಹಳ್ಳಿಗಳಿಗೆ ಬಂದದ್ದು 1920ರ ದಶಕದಲ್ಲಿ, ಕುರೆಲಾಟ್ಸ್ ತೀರಿಕೊಂಡು ಸುಮಾರು ಐವತ್ತು ವರ್ಷಗಳಾದ ಮೇಲೆ. ಅವರು ಕೇಳಿದ ಯಾಚ್ಕೆಗಳಿಗೆ ಆ ಪಕ್ಕವಾದ್ಯ ಇರಲಿಲ್ಲ.