ಚಂಡೆ ಬಂದರೆ ಕಿವಿ ಯಾಕೆ ಚುಚ್ಚುತ್ತದೆ? ಈಕ್ವಲೈಜರ್ ಹಿಡಿದು ಹುಡುಕೋಣ

ನಮಸ್ಕಾರ. ಕಳೆದ ವಿಡಿಯೋ ಕೆಳಗೆ ಶಿರಸಿಯ ವೀಕ್ಷಕರೊಬ್ಬರು ಕೇಳಿದ್ದರು: "ಹೊಸ ಇಯರ್‌ಫೋನ್ ತಗೊಂಡೆ ಮಾರಾಯ್ರೆ. ಸಿನಿಮಾ ಹಾಡು ಲಾಯಕ್ ಕೇಳ್ತದೆ. ಯಕ್ಷಗಾನ ಹಾಕಿದ್ರೆ ಮಾತ್ರ ಚಂಡೆ ಕಿವಿ ಚುಚ್ತದೆ. ಈಕ್ವಲೈಜರಲ್ಲಿ ಎಂತ ಮಾಡೂದು?"

ಒಳ್ಳೇ ಪ್ರಶ್ನೆ. ಈಕ್ವಲೈಜರ್ ಅಂದ ಕೂಡಲೇ ಎಲ್ಲರೂ ಬೇಸ್ ಏರಿಸುವುದು ಹೇಗೆ ಅಂತಲೇ ಕೇಳುತ್ತಾರೆ. ಇವರಿಗೆ ಬೇಕಾದದ್ದು ಇಳಿಸುವುದು.

ಬೇಸಿಕ್ಸ್ ಅರ್ಧ ನಿಮಿಷದಲ್ಲಿ. ಶಬ್ದ ಅಂದರೆ ಕಂಪನ, ಸೆಕೆಂಡಿಗೆ ಎಷ್ಟು ಸಲ ಅನ್ನುವುದು ಹರ್ಟ್ಸ್. ಮನುಷ್ಯರ ಕಿವಿಗೆ 20ರಿಂದ 20,000 ಹರ್ಟ್ಸ್ ತನಕ ಕೇಳುತ್ತದೆ, ವಯಸ್ಸಾದಂತೆ ಮೇಲಿನ ತುದಿ ಸವೆಯುತ್ತದೆ. ಹತ್ತು ಸ್ಲೈಡರ್ ಇರುವ ಈಕ್ವಲೈಜರ್ ಸಾಮಾನ್ಯವಾಗಿ 31ರಿಂದ ಶುರುವಾಗಿ ದುಪ್ಪಟ್ಟಾಗುತ್ತಾ 16,000ಕ್ಕೆ ಮುಗಿಯುತ್ತದೆ. ಒಂದೊಂದು ಸ್ಲೈಡರ್ ಶಬ್ದದ ಅಷ್ಟು ಭಾಗವನ್ನು ಮಾತ್ರ ಏರಿಸುತ್ತದೆ ಅಥವಾ ಇಳಿಸುತ್ತದೆ. ಎಡಕ್ಕೆ ಬೇಸ್ ಅಂದರೆ ದಪ್ಪ ಶಬ್ದ, ಬಲಕ್ಕೆ ಟ್ರೆಬಲ್ ಅಂದರೆ ಸಣ್ಣ, ಚೂಪು ಶಬ್ದ. ಸಾಕು, ಮುಂದೆ ಹೋಗೋಣ.

[ಸ್ಕ್ರೀನ್ ಮೇಲೆ: ಕಿವಿಯ ಒಳಗಿನ ಚಿತ್ರ]

ಈಗ ನನಗೆ ತುಂಬಾ ಇಷ್ಟವಾದ ಭಾಗ. ಶಾಲೆಯಲ್ಲಿ ಪೆನ್ನಿನ ಕ್ಯಾಪ್ ಬಾಯಿಗೆ ಹಿಡಿದು ಸೀಟಿ ಊದಿದ್ದೀರಲ್ವಾ? ಮೇಷ್ಟ್ರ ಕೈಯಲ್ಲಿ ಬೈಸಿಕೊಂಡೂ ಇರುತ್ತೀರಿ. ಉದ್ದ ಕ್ಯಾಪ್ ಆದರೆ ದಪ್ಪ ಸೀಟಿ, ಗಿಡ್ಡ ಕ್ಯಾಪ್ ಆದರೆ ಸಣ್ಣ ಸೀಟಿ. ಯಾಕಂದ್ರೆ ಒಂದು ಕಡೆ ಮುಚ್ಚಿದ ನಳಿಗೆ ಅದರ ಉದ್ದಕ್ಕೆ ತಕ್ಕ ಸ್ವರ ಇರುತ್ತದೆ. ನಿಮ್ಮ ಕಿವಿಯ ತೂತೂ ಅಂಥದ್ದೇ ಒಂದು ಕ್ಯಾಪ್! ಸುಮಾರು 2.5 ಸೆಂಟಿಮೀಟರ್ ಉದ್ದ, ಒಳತುದಿಯಲ್ಲಿ ಕಿವಿತಮಟೆ ಮುಚ್ಚಿಕೊಂಡಿದೆ. ಅದರ ಸ್ವರ 3,000 ಹರ್ಟ್ಸ್ ಆಸುಪಾಸು. ಹೊರಗಿನಿಂದ ಬರುವ ಶಬ್ದದಲ್ಲಿ ಅಷ್ಟು ಭಾಗ ತಮಟೆ ಮುಟ್ಟುವಾಗ ಜೋರಿನ ಅಳತೆಯಾದ ಡೆಸಿಬೆಲ್ ಲೆಕ್ಕದಲ್ಲಿ ಹತ್ತಕ್ಕೂ ಜಾಸ್ತಿ ಏರಿರುತ್ತದೆ. ಹುಟ್ಟಿದಾಗಿನಿಂದ ಹಾಗೇ ಕೇಳುತ್ತಿರುವುದರಿಂದ ನಮಗೆ ಗೊತ್ತೇ ಆಗುವುದಿಲ್ಲ.

ಇಯರ್‌ಫೋನ್ ತುರುಕಿದ ಕೂಡಲೇ ಏನಾಗುತ್ತದೆ? ಕ್ಯಾಪಿನ ಬಾಯಿಯೂ ಮುಚ್ಚಿತು. ಬಡ್ ಅರ್ಧ ಸೆಂಟಿಮೀಟರ್ ಜಾಗ ತಿಂದರೆ ಉಳಿಯುವುದು 2 ಸೆಂಟಿಮೀಟರ್. ಎರಡೂ ಕಡೆ ಮುಚ್ಚಿದ ಅಷ್ಟುದ್ದದ ನಳಿಗೆಯ ಸ್ವರ ಲೆಕ್ಕ ಹಾಕಿದರೆ 8,500ರ ಹತ್ತಿರ ಬರುತ್ತದೆ. ಅಂದರೆ 3,000ದ ಉಬ್ಬು ಹೋಯಿತು, ಅದನ್ನು ತಯಾರಕರೇ ಇಯರ್‌ಫೋನಿನಲ್ಲಿ ಮತ್ತೆ ಸೇರಿಸಿಕೊಡಬೇಕು. 8,000ದ ಹತ್ತಿರ ಯಾರಿಗೂ ಬೇಡದ ಹೊಸ ಉಬ್ಬು ಬಂತು. ಅದು ಎಲ್ಲಿ ಕೂರುತ್ತದೆ ಅನ್ನುವುದು ನಿಮ್ಮ ಕಿವಿಯ ಮೇಲೆ, ಬಡ್ ಎಷ್ಟು ಒಳಗೆ ಹೋಗಿದೆ ಅನ್ನುವುದರ ಮೇಲೆ ನಿಂತಿದೆ.

ಈಗ ಚಂಡೆಗೆ ಬನ್ನಿ. ಕೋಲಿನ ಪೆಟ್ಟು ಬೀಳುವ ಆ ಕ್ಷಣದ ಶಬ್ದದಲ್ಲಿ ಮೇಲಿನ ಹರ್ಟ್ಸ್‌ಗಳು ತುಂಬಿರುತ್ತವೆ. ಜೊತೆಗೆ ಭಾಗವತರ ತಾಳ. ಸಿನಿಮಾ ಹಾಡನ್ನು ಸ್ಟುಡಿಯೋದಲ್ಲಿ ಕೂತು ನಯ ಮಾಡಿರುತ್ತಾರೆ. ಯಕ್ಷಗಾನದ ಎಷ್ಟೋ ರೆಕಾರ್ಡಿಂಗ್ ರಂಗದ ಮೈಕಿನಿಂದ ನೇರ ಬಂದದ್ದು. ಪೆಟ್ಟು ಸೀದಾ ಹೋಗಿ ಆ ಉಬ್ಬಿನ ಮೇಲೇ ಬೀಳುತ್ತದೆ.

ಉಬ್ಬು ಹುಡುಕುವುದು ಹೀಗೆ. ಹೇಳಿದ ಹರ್ಟ್ಸ್‌ನ ಒಂದೇ ಸ್ವರ ನುಡಿಸುವ ಟೋನ್ ಜನರೇಟರ್ ಆ್ಯಪ್ ಹಾಕಿಕೊಳ್ಳಿ. ವಾಲ್ಯೂಮ್ ತೀರಾ ಕಡಿಮೆ ಇರಲಿ, ಇದನ್ನು ಮರೆಯಬೇಡಿ. 4,000ದಿಂದ 10,000ದ ತನಕ ನಿಧಾನಕ್ಕೆ ಜಾರಿಸಿ. ಎಲ್ಲೋ ಒಂದು ಕಡೆ ಶಬ್ದ ಇದ್ದಕ್ಕಿದ್ದಂತೆ ಮುಖಕ್ಕೆ ರಾಚುತ್ತದೆ. ಅಲ್ಲೇ ನಿಲ್ಲಿಸಿ, ಬಡ್ಡನ್ನು ಸ್ವಲ್ಪ ಒಳಗೆ ಒತ್ತಿ. ರಾಚುವ ಜಾಗ ಮೇಲಕ್ಕೆ ಸರಿಯುತ್ತದೆ, ಕೇಳಿ ನೋಡಿ! ನನಗೆ ಎಡಗಿವಿಯಲ್ಲಿ 7,800, ಬಲಗಿವಿಯಲ್ಲಿ 8,300. ದೇವರು ನನ್ನ ಎರಡು ಕಿವಿಯನ್ನೂ ಒಂದೇ ಅಳತೆಗೆ ಮಾಡಿಲ್ಲ.

ಪ್ಯಾರಾಮೆಟ್ರಿಕ್ ಈಕ್ವಲೈಜರ್, ಅಂದರೆ ಬೇಕಾದ ಹರ್ಟ್ಸ್ ನಾವೇ ಹಾಕಬಹುದಾದದ್ದು, ಇದ್ದರೆ ಆ ನಂಬರ್ ಹಾಕಿ, ಕ್ಯೂ (ಎಷ್ಟು ಅಗಲ ಇಳಿಸಬೇಕು ಅನ್ನುವುದು, ಕ್ಯೂ ಜಾಸ್ತಿ ಆದಷ್ಟೂ ಅಗಲ ಕಡಿಮೆ) 3 ಅಥವಾ 4 ಇಟ್ಟು, 4-5 ಡೆಸಿಬೆಲ್ ಇಳಿಸಿ. ಹತ್ತು ಸ್ಲೈಡರ್ ಮಾತ್ರ ಇದ್ದರೆ 8,000ದ್ದನ್ನು ಮೂರು ಡೆಸಿಬೆಲ್ ಕೆಳಗೆ ತನ್ನಿ. ಜಾಸ್ತಿ ಇಳಿಸಿದರೆ ಚಂಡೆಗೆ ಚಂಡೆಯ ಗತ್ತೇ ಇರುವುದಿಲ್ಲ, ಹಾಡಿನಲ್ಲಿ ಸಕಾರ ಶಕಾರ ಮಂಕಾಗುತ್ತವೆ. ಪದ್ಯದ ಸಾಹಿತ್ಯ ಸ್ಪಷ್ಟ ಕೇಳುವಲ್ಲಿಗೆ ನಿಲ್ಲಿಸಿ.

ರೆಡಿ ಪ್ರೀಸೆಟ್ ಸಾಲದಾ ಅಂತ ಕೇಳಬಹುದು. ಆಟೋಈಕ್ಯೂ ಅನ್ನುವ ಉಚಿತ ಪ್ರಾಜೆಕ್ಟಿನಲ್ಲಿ ಸಾವಿರಾರು ಹೆಡ್‌ಫೋನ್‌ಗಳ ಸೆಟ್ಟಿಂಗ್ ಸಿಗುತ್ತದೆ, ಆಂಡ್ರಾಯ್ಡ್‌ನಲ್ಲಿ ವೇವ್‌ಲೆಟ್ ಆ್ಯಪ್ ಅದನ್ನೇ ಬಳಸುತ್ತದೆ. ಶುರು ಮಾಡಲು ಒಳ್ಳೆಯದು. ಆದರೆ ಅಳೆದದ್ದು ಯಂತ್ರದ ಕಿವಿಯಲ್ಲಿ. ಬೇಸ್, ಮಧ್ಯದ ಭಾಗ ನಂಬಿ. 8,000ದ ಸುತ್ತ ನಿಮ್ಮ ಕಿವಿಯನ್ನೇ ನಂಬಿ. ರುಚಿಯ ಮಾತೂ ಇದೆ. ಆಡಿಯೋ ಉಪಕರಣ ಮಾಡುವ ಹರ್ಮನ್ ಕಂಪನಿಯಲ್ಲಿ ಶಾನ್ ಆಲಿವ್ ತಂಡ ಜನರನ್ನು ಕೂರಿಸಿ ಕೇಳಿಸಿ ಯಾವ ಹರ್ಟ್ಸ್ ಎಷ್ಟು ಜೋರಿರಬೇಕು ಅನ್ನುವ ಒಂದು ಗುರಿರೇಖೆ ಮಾಡಿತು. ಹೆಚ್ಚಿನವರಿಗೆ ಅದು ಹಿಡಿಸಿತು, ಕೆಲವರಿಗೆ ಇನ್ನೂ ಬೇಸ್ ಬೇಕಿತ್ತು, ಕೆಲವರಿಗೆ ಅಷ್ಟೂ ಬೇಡವಾಗಿತ್ತು.

ವಿಡಿಯೋ ಉದ್ದ ಆಯ್ತು, ಉಳಿದದ್ದು ಬೇಗ ಬೇಗ.

ದೇವಿಮನೆ ಘಾಟಿ ಇಳಿಯುವ ಬಸ್ಸಿನಲ್ಲಿ ಬೇಸ್ ಕೇಳುವುದಿಲ್ಲ ಅಂತ 62ರ ಸ್ಲೈಡರ್ ಏರಿಸಬೇಡಿ. ಇಂಜಿನ್ ಗುಂಯ್‌ಗುಡುವುದು ಆ ಭಾಗದಲ್ಲೇ. ಮೊದಲು ದೊಡ್ಡ ರಬ್ಬರ್ ಟಿಪ್ ಹಾಕಿ ನೋಡಿ, ಸಂದಿ ಬಿಟ್ಟರೆ ಮೊದಲು ಸೋರುವುದೇ ಬೇಸ್. ರಾತ್ರಿ ಸಣ್ಣ ವಾಲ್ಯೂಮಿನಲ್ಲಿ ಕೇಳುವವರು ಮಾತ್ರ 3-4 ಡೆಸಿಬೆಲ್ ಬೇಸ್ ಏರಿಸಿಕೊಳ್ಳಬಹುದು. ಶಬ್ದ ಸಣ್ಣದಾದಷ್ಟೂ ಕಿವಿಗೆ ಬೇಸ್ ಕಡಿಮೆ ಕೇಳುತ್ತದೆ ಅಂತ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದಾರೆ. ತಾಳಮದ್ದಲೆ ಕೇಳುವವರು 125 ಮತ್ತು 250 ಎರಡನ್ನೂ ಎರಡು ಡೆಸಿಬೆಲ್ ಇಳಿಸಿ, ಹಾಲ್‌ನ ಗುಂಯ್‌ಗುಡುವುದು ತಗ್ಗಿ ಅರ್ಥಗಾರಿಕೆ ಬಿಡಿಸಿ ಕೇಳುತ್ತದೆ.

ಎಲ್ಲ ಸ್ಲೈಡರ್ ಮೇಲೆ ತಳ್ಳಿ "ಸೌಂಡ್ ಸೂಪರ್" ಅನ್ನುವವರಿಗೆ ಒಂದು ಮಾತು: ಸ್ವಾಮಿ, ಅದಕ್ಕೆ ವಾಲ್ಯೂಮ್ ಅಂತ ಬೇರೆ ಬಟನ್ ಇದೆ. ಎಲ್ಲಾದರೂ 6 ಡೆಸಿಬೆಲ್ ಏರಿಸಿದರೆ ಅಲ್ಲಿ ನಾಲ್ಕು ಪಟ್ಟು ಪವರ್ ಬೇಕು. ಪ್ರೀಆ್ಯಂಪ್ (ಈಕ್ವಲೈಜರಿನಲ್ಲಿ ಒಟ್ಟು ಮಟ್ಟದ ಸ್ಲೈಡರ್) ಅಷ್ಟೇ ಇಳಿಸದಿದ್ದರೆ ಶಬ್ದ ಒಡೆಯುತ್ತದೆ. ಮತ್ತೆ, ಇಯರ್‌ಬಡ್‌ನ ಆ್ಯಪ್ ಒಂದು, ಫೋನಿನದು ಒಂದು, ಹಾಡಿನ ಆ್ಯಪಿನದು ಒಂದು ಅಂತ ಮೂರು ಈಕ್ವಲೈಜರ್ ಒಟ್ಟಿಗೆ ಓಡಿಸಬೇಡಿ. ಒಂದನ್ನು ಬಿಟ್ಟು ಉಳಿದವನ್ನು ಆಫ್ ಮಾಡಿ.

ಟೋನ್ ಜಾರಿಸಿದಾಗ ನಿಮಗೆ ಎಲ್ಲಿ ರಾಚಿತು? ಎಡ, ಬಲ ಎರಡರ ನಂಬರೂ ಕೆಳಗೆ ಬರೆಯಿರಿ, ಇಯರ್‌ಫೋನಿನ ಹೆಸರೂ ಹಾಕಿ.