ಯಂತ್ರ ಕೇಳಿಸಿಕೊಳ್ಳುತ್ತದೆ, ಅಷ್ಟೇ

ಕೇಳುಗರಿಗೆ ನಮಸ್ಕಾರ. ಮೆದುಳಿನ ಅಲೆಗಳ ತರಬೇತಿ ಅಂದ ಕೂಡಲೇ ಜನ ಕೇಳುವುದು ಒಂದೇ ಪ್ರಶ್ನೆ: ‘ತಲೆಗೆ ಕರೆಂಟ್ ಕೊಡ್ತೀರಾ ಡಾಕ್ಟ್ರೇ?’ ಇಲ್ಲ ಸ್ವಾಮಿ, ಕೊಡುವುದಿಲ್ಲ. ನೆತ್ತಿಗೆ ಪೇಸ್ಟ್ ಹಚ್ಚಿ ತಂತಿ ಅಂಟಿಸುತ್ತೇವೆ. ಅದು ನಿಮ್ಮ ಮೆದುಳಿನದೇ ಕರೆಂಟನ್ನು ಕೇಳಿಸಿಕೊಳ್ಳುತ್ತದೆ, ಅಷ್ಟೇ. ಎದುರಿನ ಪರದೆಯಲ್ಲಿ ಒಂದು ಕಾರು. ಬೇಕಾದ ಅಲೆ ಬಂದರೆ ಓಡುತ್ತದೆ, ಇಲ್ಲದಿದ್ದರೆ ನಿಲ್ಲುತ್ತದೆ. ಓಡಿಸಲು ಕಲಿಯಬೇಕಾದವರು ನೀವು. ಇದರಿಂದ ಗಮನ ಹೆಚ್ಚುತ್ತದೆ, ಮನಸ್ಸಿಗೆ ನೆಮ್ಮದಿ ಸಿಗುತ್ತದೆ, ಸ್ವಭಾವವೇ ಬದಲಾಗುತ್ತದೆ ಅನ್ನುತ್ತಾರಲ್ಲ, ಅದು ಎಷ್ಟು ನಿಜ ಅಂತ ಇವತ್ತು ನೋಡೋಣ. ಅಂದಹಾಗೆ, ಅವತ್ತು ತಲೆಗೆ ಎಣ್ಣೆ ಹಚ್ಚಬೇಡಿ, ತಂತಿ ನಿಲ್ಲುವುದಿಲ್ಲ.

ಮನುಷ್ಯರ ಮೆದುಳಿನ ಅಲೆಗಳನ್ನು ಮೊದಲು ದಾಖಲಿಸಿದವರು ಜರ್ಮನಿಯ ಹಾನ್ಸ್ ಬರ್ಗರ್, 1924ರಲ್ಲಿ. ಆದರೆ ನನಗೆ ಇಷ್ಟದ ಕಥೆ ಬೆಕ್ಕುಗಳದ್ದು. 1960ರ ದಶಕ, ಕ್ಯಾಲಿಫೋರ್ನಿಯಾ. ಬ್ಯಾರಿ ಸ್ಟರ್ಮನ್ ಎಂಬ ವಿಜ್ಞಾನಿ ಬೆಕ್ಕುಗಳಿಗೆ ಒಂದು ಪಾಠ ಕಲಿಸಿದರು: ಶಬ್ದ ನಿಲ್ಲುವವರೆಗೆ ಕಾದರೆ ಮಾತ್ರ ತಿಂಡಿ. ಕಾಯುವಾಗ ಅವು ಇಲಿಬಿಲದ ಮುಂದೆ ಕೂತ ಹಾಗೆ, ಮೈ ಅಲ್ಲಾಡಿಸದೆ ಆದರೆ ಪೂರ್ತಿ ಎಚ್ಚರವಾಗಿ ಕೂರುತ್ತಿದ್ದವು. ಆಗ ಮೆದುಳಿನಲ್ಲಿ ಸೆಕೆಂಡಿಗೆ 12ರಿಂದ 15 ಸಲ ಏರಿಳಿಯುವ ಒಂದು ಅಲೆ ಕಂಡಿತು. ಸರಿ, ಆ ಅಲೆ ಬಂದಾಗಲೆಲ್ಲ ಹಾಲು ಮತ್ತು ಕೋಳಿ ಸಾರು! ಬೆಕ್ಕುಗಳು ಬೇಗ ಪಳಗಿದವು. ಮುಂದೆ ಸ್ಟರ್ಮನ್‌ಗೆ ಬೇರೆಯದೇ ಕೆಲಸ ಬಂತು. ರಾಕೆಟ್ ಇಂಧನವೊಂದು ಮೈಗೆ ಸೇರಿದರೆ ಫಿಟ್ಸ್ ಬರುತ್ತದೆ, ಅದನ್ನು ಪರೀಕ್ಷಿಸಬೇಕಿತ್ತು. ಪ್ರಯೋಗಕ್ಕೆ ಬಂದ ಬೆಕ್ಕುಗಳಲ್ಲಿ ಈ ಹಳೇ ಶಿಷ್ಯರೂ ಇದ್ದರು. ಅವಕ್ಕೆ ಮಾತ್ರ ಫಿಟ್ಸ್ ತಡವಾಗಿ ಬಂತು, ಕೆಲವಕ್ಕೆ ಬರಲೇ ಇಲ್ಲ! ಬೆಕ್ಕಿಗೆ ಯಂತ್ರದ ಮೇಲೆ ನಂಬಿಕೆ ಗಿಂಬಿಕೆ ಏನೂ ಇಲ್ಲ ನೋಡಿ. ಅಭ್ಯಾಸ ಮಾಡಿದ್ದು ಅವು. 1972ರಲ್ಲಿ ಮೂರ್ಛೆರೋಗವಿದ್ದ ಯುವತಿಯೊಬ್ಬಳಿಗೂ ಇದೇ ತರಬೇತಿ ಕೊಟ್ಟು, ಫಿಟ್ಸ್ ಕಡಿಮೆಯಾಯಿತು ಎಂದು ಸ್ಟರ್ಮನ್ ವರದಿ ಮಾಡಿದರು.

ಅಯ್ಯೋ, ಬೆಕ್ಕುಗಳೇ ಸಮಯ ತಿಂದವು. ಗಮನದ ವಿಚಾರ ಬೇಗ ಹೇಳುತ್ತೇನೆ. 2021ರಲ್ಲಿ ಅಮೆರಿಕದ ಒಂದು ಅಧ್ಯಯನ ಪ್ರಕಟವಾಯಿತು. 7ರಿಂದ 10 ವರ್ಷದ, ಚಂಚಲತೆಯ ತೊಂದರೆ ಇರುವ 144 ಮಕ್ಕಳು. ತರಬೇತಿಯಲ್ಲಿ ಕೆಲವರಿಗೆ ಅವರದೇ ಅಲೆ ತೋರಿಸಿದರು, ಉಳಿದವರಿಗೆ ಬೇರೆಯವರದ್ದು. ಎರಡೂ ಗುಂಪು ಹೆಚ್ಚುಕಡಿಮೆ ಒಂದೇ ಸಮ ಸುಧಾರಿಸಿತು! ಅಂದರೆ ಶಿಸ್ತಾಗಿ ಕೂತದ್ದು, ಜೊತೆಗಿದ್ದವರು ಶಭಾಷ್ ಅಂದದ್ದು ಕೆಲಸ ಮಾಡಿರಬಹುದು. ನಾನು ಹೇಳಿದೆನಲ್ಲ, ಯಂತ್ರ ಕೇಳಿಸಿಕೊಳ್ಳುತ್ತದೆ, ಅಷ್ಟೇ.

ಮನಸ್ಸಿನ ನೆಮ್ಮದಿಗೆ ಆಲ್ಫಾ ಎಂಬ ಮೆದುಳಿನ ಅಲೆ ಹೆಚ್ಚಿಸಿಕೊಳ್ಳಿ ಅನ್ನುತ್ತಾರೆ. ಕಣ್ಣು ಮುಚ್ಚಿ ಸುಮ್ನೆ ಕೂತರೂ ಅದು ಜಾಸ್ತಿಯಾಗುತ್ತದೆ, ಅದಕ್ಕೆ ದುಡ್ಡು ಕೊಡಬೇಕಾ? ಇನ್ನು ಸ್ವಭಾವ. ಸಿಡುಕುವ ಮಾವನವರನ್ನು ಕರೆತಂದು ‘ಸ್ವಲ್ಪ ಸರಿ ಮಾಡಿ ಡಾಕ್ಟ್ರೇ’ ಅನ್ನುವವರಿದ್ದಾರೆ. ಆಗುವುದಿಲ್ಲ. ಸ್ವಭಾವವನ್ನೇ ಬದಲಿಸುತ್ತೇವೆ ಎಂದು ಪ್ಯಾಕೇಜ್ ಮಾರುವವರ ಹತ್ತಿರ ದಯವಿಟ್ಟು ಹೋಗಬೇಡಿ.

ಮಗುವಿಗೆ ಗಮನ ಇಲ್ಲ ಅನ್ನಿಸಿದರೆ ಮೊದಲು ಕಣ್ಣು, ಕಿವಿ ತೋರಿಸಿ. ರಾತ್ರಿ ಎಷ್ಟು ಹೊತ್ತಿಗೆ ಮಲಗುತ್ತದೆ, ನೋಡಿ. ಗಾಜಿನಾಚೆಯಿಂದ ಆಗಲೇ ಕೈ ತೋರಿಸುತ್ತಿದ್ದಾರೆ, ಒಂದೇ ಮಾತು: ಬೆಕ್ಕಿನ ಕಥೆ ಕೇಳಿ ಫಿಟ್ಸ್ ಮಾತ್ರೆ ನಿಲ್ಲಿಸಬೇಡಿ. ನಮಸ್ಕಾರ.