ನೆಚ್ಚಿನ ರ‍್ಯಾಪರ್ ಹಾಗೆ ಹೇಳಬೇಕಾ? ಮೊದಲು ಎಣಿಸಿ

ಕೇಳುಗರಿಗೆ ನಮಸ್ಕಾರ.

ಈಗ ರೇಡಿಯೊ ಹಾಕಿಕೊಂಡಿರುವವರಲ್ಲಿ ಹದಿನೇಳು, ಹದಿನೆಂಟು, ಇಪ್ಪತ್ತರ ವಯಸ್ಸಿನವರು ಬಹಳ ಜನ ಇದ್ದೀರಿ ಅಂದುಕೊಂಡೇ ಮಾತಾಡುತ್ತೇನೆ. ಅಂಗಡಿಯಲ್ಲಿ ಕೂತಿದ್ದೀರಿ, ಹಾಸ್ಟೆಲಿನ ಮಂಚದ ಮೇಲೆ ಬಿದ್ದುಕೊಂಡಿದ್ದೀರಿ, ಆಟೊ ಓಡಿಸುತ್ತಾ ಕೇಳುತ್ತಿದ್ದೀರಿ. ನಿಮಗೊಬ್ಬ ನೆಚ್ಚಿನ ರ‍್ಯಾಪರ್ ಇದ್ದಾರೆ. ಎಮಿನೆಮ್ ಇರಬಹುದು, ಕೆಂಡ್ರಿಕ್ ಲಮಾರ್ ಇರಬಹುದು, ನಮ್ಮ ಚಂದನ್ ಶೆಟ್ಟಿ, ಆಲ್ ಓಕೆ, ಎಂ.ಸಿ. ಬಿಜ್ಜು ಇರಬಹುದು. ಅವರ ಹಾಗೇ ಹೇಳಬೇಕು ಅಂತ ಬಾಗಿಲು ಹಾಕಿಕೊಂಡು ಪ್ರಯತ್ನ ಮಾಡಿದ್ದೀರಿ. ಸರಿಯಾಗಿ ಬರಲಿಲ್ಲ. ಯಾಕೆ ಬರಲಿಲ್ಲ ಅಂತ ಗೊತ್ತಾಗಲಿಲ್ಲ.

ನಾನು ಮೃದಂಗ ನುಡಿಸುವವನು. ಕೆಲವು ವರ್ಷಗಳಿಂದ ಮೈಸೂರಿನಲ್ಲಿ ರ‍್ಯಾಪ್ ಕಲಿಯುವ ಮಕ್ಕಳಿಗೆ ಲಯ ಹೇಳಿಕೊಡುತ್ತಿದ್ದೇನೆ. ಇವತ್ತು ಒಂದೇ ಒಂದು ಮಾತು ಹೇಳಲು ಬಂದಿದ್ದೇನೆ. ಧ್ವನಿ ನಕಲು ಮಾಡಬೇಡಿ. ಲೆಕ್ಕ ನಕಲು ಮಾಡಿ. ಇದನ್ನು ಮತ್ತೆ ಮತ್ತೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಏನು ಈ ಲೆಕ್ಕ? ರ‍್ಯಾಪ್ ಹಾಡಿನಲ್ಲಿ ಹಿಂದೆ ಒಂದು ಬೀಟ್ ಓಡುತ್ತಿರುತ್ತದೆ, ಅಲ್ವಾ? ನಾಲ್ಕು ಏಟಿಗೆ ಒಂದು ಸುತ್ತು. ಆ ಸುತ್ತಿಗೆ ಬಾರ್ ಅನ್ನುತ್ತಾರೆ. ಒಂದನೇ, ಮೂರನೇ ಏಟಿಗೆ ಸಾಮಾನ್ಯವಾಗಿ ದಪ್ಪ ಡ್ರಮ್ ಬೀಳುತ್ತದೆ, ಅದು ಕಿಕ್. ಎರಡನೇ, ನಾಲ್ಕನೇ ಏಟಿಗೆ ಚಟ್ ಅಂತ ಸ್ನೇರ್ ಬೀಳುತ್ತದೆ. ಒಂದೊಂದು ಏಟಿನೊಳಗೆ ತಕಧಿಮಿ ಅಂತ ನಾಲ್ಕು ಅಕ್ಷರ ಹಿಡಿಯುತ್ತದೆ. ನಾಲ್ಕು ನಾಲ್ಕಲ ಹದಿನಾರು. ಒಂದು ಬಾರಿನಲ್ಲಿ ಹದಿನಾರು ಮನೆಗಳಿವೆ ಅಂತ ಇಟ್ಟುಕೊಳ್ಳಿ. ನಿಮ್ಮ ನೆಚ್ಚಿನ ಕಲಾವಿದ ಯಾವ ಅಕ್ಷರವನ್ನು ಯಾವ ಮನೆಯಲ್ಲಿ ಕೂರಿಸಿದರು, ಯಾವ ಮನೆ ಖಾಲಿ ಬಿಟ್ಟರು, ಎಲ್ಲಿ ಉಸಿರು ತೆಗೆದುಕೊಂಡರು, ಅದೇ ಅವರ ಶೈಲಿ. ಗಂಟಲಲ್ಲ.

ಇದನ್ನು ನನಗೆ ಅರ್ಥ ಮಾಡಿಸಿದವರು ರಕೀಮ್. ನನ್ನ ಪಾಲಿಗೆ ರ‍್ಯಾಪ್ ಅಂದರೆ ರಕೀಮ್, ಮುಚ್ಚಿಡುವುದೇನಿದೆ. ನ್ಯೂಯಾರ್ಕ್ ಪಕ್ಕದ ಲಾಂಗ್ ಐಲೆಂಡಿನ ಹುಡುಗ. ಚಿಕ್ಕಂದಿನಲ್ಲಿ ಸ್ಯಾಕ್ಸೊಫೋನ್ ನುಡಿಸುತ್ತಿದ್ದರು, ಜಾನ್ ಕೋಲ್ಟ್ರೇನ್ ಅವರ ಜಾಜ್ ಕೇಳಿ ಬೆಳೆದವರು. 1987ರಲ್ಲಿ ಡಿ.ಜೆ. ಎರಿಕ್ ಬಿ. ಜೊತೆ ಮೊದಲ ಆಲ್ಬಂ ತಂದರು. ಆಗ ಹೆಚ್ಚಿನವರು ಕೂಗಿ ಹೇಳುತ್ತಿದ್ದರು, ಸಾಲಿನ ಕೊನೆಯಲ್ಲಿ ಮಾತ್ರ ಪ್ರಾಸ ಇಡುತ್ತಿದ್ದರು. ರಕೀಮ್ ದನಿ ಎತ್ತಲೇ ಇಲ್ಲ. ಸಾಲಿನ ನಡುವೆ ಪ್ರಾಸ ತಂದರು, ಒಂದು ಬಾರಿನಲ್ಲಿ ಶುರುವಾದ ವಾಕ್ಯವನ್ನು ಮುಂದಿನ ಬಾರಿಗೆ ದಾಟಿಸಿದರು. ಅವರು ಬರೆಯುವ ಕ್ರಮ ಕೇಳಿ. ಹಾಳೆಯ ಮೇಲೆ ಮೊದಲು ಹದಿನಾರು ಚುಕ್ಕಿ ಇಟ್ಟುಕೊಳ್ಳುತ್ತಾರಂತೆ, ಹದಿನಾರು ಬಾರ್‌ಗಳಿಗೆ. ಆ ಬಾರುಗಳ ಮಧ್ಯೆ ಅವರಿಗೆ ಗ್ರಾಫ್ ಹಾಳೆಯ ಹಾಗೆ ಮನೆಗಳು ಕಾಣುತ್ತವಂತೆ. ಅದರೊಳಗೆ ಅಕ್ಷರ ತುಂಬುತ್ತಾ ಹೋಗುತ್ತಾರೆ. ಮೊದಲು ಮನೆ, ಆಮೇಲೆ ಮಾತು. ಇದನ್ನು ಕೇಳಿದಾಗ ನನಗೆ ಎಷ್ಟು ಖುಷಿಯಾಯಿತು ಅಂದರೆ, ನಮ್ಮ ತಾಳದ ಲೆಕ್ಕಕ್ಕೂ ಇದಕ್ಕೂ ಏನು ವ್ಯತ್ಯಾಸ ಹೇಳಿ!

ಈಗ ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಇದನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು.

ನಮ್ಮ ಬಡಾವಣೆಯ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗ. ಎಮಿನೆಮ್ ಅಂದರೆ ಪ್ರಾಣ. ಒಂದು ಸಂಜೆ ಮನೆಗೆ ಬಂದು, ಸಾರ್ ಕೇಳಿ ಅಂತ ಫೋನಿನಲ್ಲಿ ಬೀಟ್ ಹಾಕಿ ಶುರು ಮಾಡಿದ. ಆ ಮೂಗಿನ ದನಿ, ಆ ಸಿಟ್ಟು, ಕೈ ಬೀಸುವ ರೀತಿ, ಎಲ್ಲ ತದ್ರೂಪು. ಒಳಗಿದ್ದ ನನ್ನ ಹೆಂಡತಿ ಯಾರ ಮೇಲೆ ಜಗಳ ಅಂತ ಆಚೆ ಬಂದು ನೋಡಿದಳು. ಆದರೆ ಮಾತು ಬೀಟಿನ ಮೇಲೆ ನಿಲ್ಲುತ್ತಿರಲಿಲ್ಲ. ಸ್ನೇರ್ ಬೀಳುವ ಮೊದಲೇ ಸಾಲು ಮುಗಿದಿರುತ್ತಿತ್ತು, ಮುಂದಿನ ಸಾಲಿಗೆ ಉಸಿರು ಸಾಲುತ್ತಿರಲಿಲ್ಲ, ಕಡೆಯ ಪದ ನುಂಗಿ ಹೋಗುತ್ತಿತ್ತು. ನಾನು ಫೋನ್ ಆಫ್ ಮಾಡಿ, ಈಗ ಚಪ್ಪಾಳೆ ತಟ್ಟಿಕೊಂಡು ಅದನ್ನೇ ಹೇಳು ಅಂದೆ. ಎರಡು ಸಾಲಿಗೆ ನಿಂತುಹೋದ. ಕೈ ಒಂದು ಕಡೆ, ಬಾಯಿ ಒಂದು ಕಡೆ. 'ಸಾರ್, ಸ್ಪೀಡ್ ಇದೆಯಲ್ಲ' ಅಂದ.

ಸ್ಪೀಡ್! ಈ ಸ್ಪೀಡಿನ ಹುಚ್ಚು ಎಷ್ಟು ಮಕ್ಕಳನ್ನು ಹಾಳು ಮಾಡಿದೆ ಅಂತ ಹೇಳಲಾರೆ. ಎಮಿನೆಮ್ 2013ರಲ್ಲಿ ತಂದ 'ರ‍್ಯಾಪ್ ಗಾಡ್' ಹಾಡಿನಲ್ಲಿ 6 ನಿಮಿಷ 4 ಸೆಕೆಂಡಿಗೆ 1,560 ಪದ ಹೇಳಿ ಗಿನ್ನೆಸ್ ದಾಖಲೆ ಮಾಡಿದ್ದಾರೆ, ನಿಜ. ಆದರೆ ಆ ಹಾಡನ್ನು ನಿಧಾನ ಮಾಡಿ ಕೇಳಿ. ಒಂದು ಅಕ್ಷರವೂ ತನ್ನ ಮನೆ ಬಿಟ್ಟು ಕದಲುವುದಿಲ್ಲ. ಲೆಕ್ಕ ಸರಿ ಇರುವುದರಿಂದ ಸ್ಪೀಡ್ ಬಂದಿದೆ.

ಆ ಹುಡುಗನಿಗೆ ನಾನು ಮಾತೇ ಕೊಡಲಿಲ್ಲ. ಬರೀ ತಕಧಿಮಿ. ನಿಧಾನವಾದ ಬೀಟ್ ಹಾಕಿ, ಏಟಿಗೆ ಸರಿಯಾಗಿ ತಕಧಿಮಿ ತಕಧಿಮಿ ಹೇಳಿಸಿದೆ. ಅವನಿಗೆ ಮುಖ ಸಪ್ಪಗಾಯಿತು. ಎಮಿನೆಮ್ ಕಲಿಯಲು ಬಂದರೆ ಇವರು ಸಂಗೀತ ಪಾಠ ಮಾಡುತ್ತಿದ್ದಾರಲ್ಲ ಅಂತ. ಆದರೂ ಬರುವುದು ಬಿಡಲಿಲ್ಲ, ಅದು ಅವನ ದೊಡ್ಡ ಗುಣ. ಆಮೇಲೆ ಅವನ ಮೆಚ್ಚಿನ ಹಾಡಿನ ಎಂಟೇ ಎಂಟು ಸಾಲು ತೆಗೆದುಕೊಂಡೆವು. ಚೌಕದ ಲೆಕ್ಕದ ಪುಸ್ತಕ ಇರುತ್ತದಲ್ಲ, ಅದರಲ್ಲಿ ಒಂದು ಸಾಲಿಗೆ ಹದಿನಾರು ಚೌಕ. ಹಾಡನ್ನು ಅರ್ಧ ವೇಗದಲ್ಲಿ ಹಾಕಿ, ಯಾವ ಅಕ್ಷರ ಯಾವ ಚೌಕದಲ್ಲಿ ಬೀಳುತ್ತದೆ ಅಂತ ಪೆನ್ಸಿಲಿನಲ್ಲಿ ಬರೆದೆವು. ಖಾಲಿ ಬಂದ ಚೌಕಕ್ಕೆ ಸೊನ್ನೆ. ಉಸಿರಿಗೆ ಗೆರೆ. ಪ್ರಾಸ ಸಿಕ್ಕ ಕಡೆಯೆಲ್ಲ ಕೆಂಪು ಪೆನ್ನಿನಲ್ಲಿ ಸುತ್ತು. ಮುಗಿಸಿ ನೋಡಿದರೆ ಪುಟದ ತುಂಬಾ ಕೆಂಪು. ಸಾಲಿನ ಕೊನೆಯಲ್ಲಿ ಮಾತ್ರ ಅಲ್ಲ, ನಡುವೆ, ಶುರುವಿನಲ್ಲಿ, ಎಲ್ಲ ಕಡೆ. ಹುಡುಗ ಆ ಪುಟವನ್ನು ಎಷ್ಟೋ ಹೊತ್ತು ನೋಡುತ್ತಾ ಕೂತಿದ್ದ. ಅಷ್ಟು ಸಲ ಕೇಳಿದ್ದ ಹಾಡು, ಅವತ್ತು ಮೊದಲ ಸಲ ಅವನಿಗೆ ಕಾಣಿಸಿತು.

ಈಗ ಅದೇ ಚೌಕಗಳಿಗೆ ನಿನ್ನ ಮಾತು ತುಂಬು ಅಂದೆ. ಬರೆದುಕೊಂಡು ಬಂದ. ಎಲ್ಲರೂ ಬರೆಯುವುದನ್ನೇ ಬರೆದಿದ್ದ. ನಾನು ಬರ್ತೀನಿ, ನಾನು ನಿಲ್ತೀನಿ, ನಾನು ಗೆಲ್ತೀನಿ. ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ಕನ್ನಡದಲ್ಲಿ ಕ್ರಿಯಾಪದ ಸಾಲಿನ ಕೊನೆಗೆ ಬರುತ್ತದೆ. ಹಾಗಾಗಿ ತೀನಿ, ತೀನಿ, ತೀನಿ ಅಂತ ಪ್ರಾಸ ತಾನಾಗಿಯೇ ಬಂದುಬಿಡುತ್ತದೆ. ಅದು ಪುಕ್ಕಟೆ ಪ್ರಾಸ. ಕೇಳುವವರಿಗೆ ಮೂರನೇ ಸಾಲಿಗೆ ಬೇಜಾರು. ನಿನ್ನ ಅಂಗಡಿಯ ಬಗ್ಗೆ ಬರಿ, ಕೊನೆಯಲ್ಲಿ ತೀನಿ ಬರಬಾರದು ಅಂತ ವಾಪಸ್ ಕಳಿಸಿದೆ. ಮುಂದಿನ ಸಲ ಎರಡು ಸಾಲು ತಂದ. ಕೇಳಿ:

ಒಡೆದಿರೊ ಗ್ಲಾಸಿಗೆ ಅಂಟಿಸು ಟೇಪು
ಕೊಡದಿರೊ ಕಾಸಿಗೆ ಯಾತಕೆ ಕೋಪ

ಈಗ ನನ್ನ ಜೊತೆ ಎಣಿಸಿ. ತೊಡೆಯ ಮೇಲೆ ಏಟು ಹಾಕಿಕೊಳ್ಳಿ. ಒ-ಡೆ-ದಿ-ರೊ, ನಾಲ್ಕು ಮನೆ. ಗ್ಲಾ ದೀರ್ಘ, ಅದಕ್ಕೆ ಎರಡು ಮನೆ, ಸಿ-ಗೆ ಎರಡು, ಒಟ್ಟು ನಾಲ್ಕು. ಅಂ-ಟಿ-ಸು, ಇಲ್ಲಿ ಅಂ ಕೂಡ ಎರಡು ಮನೆ, ಒಟ್ಟು ನಾಲ್ಕು. ಟೇ-ಪು, ಮೂರು. ಹದಿನಾರನೇ ಮನೆ ಖಾಲಿ. ಅಲ್ಲಿ ಉಸಿರು! ಎರಡನೇ ಸಾಲೂ ಮನೆ ಮನೆಗೆ ಸರಿಯಾಗಿ ಹಾಗೇ. ಸ್ನೇರ್ ಬೀಳುವುದು ಎರಡು ಮತ್ತು ನಾಲ್ಕನೇ ಏಟಿಗೆ ಅಂದೆನಲ್ಲ, ಅಲ್ಲಿ ಏನಿದೆ ನೋಡಿ. ಗ್ಲಾ, ಟೇ. ಕಾ, ಕೋ. ನಾಲ್ಕೂ ದೀರ್ಘ. ಏಟು ಬೀಳುವ ಕಡೆ ಭಾರದ ಅಕ್ಷರ ಕೂತಿದೆ. ಒಡೆದಿರೊಗೆ ಕೊಡದಿರೊ, ಗ್ಲಾಸಿಗೆಗೆ ಕಾಸಿಗೆ, ಸಾಲಿನ ಒಳಗೇ ಪ್ರಾಸ. ಎಮಿನೆಮ್ ಮಾಡುವುದು ಇದನ್ನೇ. ಇನ್ನೊಂದು ಗಮನಿಸಿ, ಎರಡು ಸಾಲಿನ ಎರಡನೇ ಅಕ್ಷರವೂ ಡಕಾರ. ಪಂಪನ ಕಾಲದಿಂದ ನಮ್ಮ ಹಳೆಯ ಕವಿಗಳು ಪಾಲಿಸಿಕೊಂಡು ಬಂದ ಆದಿಪ್ರಾಸ ಅದು. ಅವನಿಗೆ ಅದರ ಹೆಸರೂ ಗೊತ್ತಿರಲಿಲ್ಲ. ಕಿವಿಗೆ ಗೊತ್ತಿತ್ತು. ಆ ಸಾಲು ಹೇಳುವಾಗ ಅವನ ಮೂಗಿನ ದನಿ ಹೋಗಿತ್ತು, ಅಂಗಡಿಯಲ್ಲಿ ಗಿರಾಕಿಯ ಹತ್ತಿರ ಮಾತಾಡುವ ಅವನದೇ ದನಿ ಬಂದಿತ್ತು. ಆದರೂ ಕೇಳಿದವರು, ಏನೋ ಎಮಿನೆಮ್ ಥರ ಇದೆಯಲ್ಲ ಅಂದರು. ನೋಡಿ, ಧ್ವನಿ ಬಿಟ್ಟ, ಲೆಕ್ಕ ಹಿಡಿದ, ಶೈಲಿ ಬಂತು.

ಸಮಯ ಓಡುತ್ತಿದೆ. ಉಳಿದದ್ದನ್ನು ಬೇಗ ಹೇಳುತ್ತೇನೆ.

ಪ್ರಾಸ ಅಂದರೆ ಅಕ್ಷರಕ್ಕೆ ಅಕ್ಷರ ಹೊಂದಬೇಕು ಅಂತಿಲ್ಲ, ಸ್ವರ ಹೊಂದಿದರೆ ಸಾಕು. ಆರೆಂಜ್ ಅನ್ನುವ ಪದಕ್ಕೆ ಇಂಗ್ಲಿಷಿನಲ್ಲಿ ಪ್ರಾಸವೇ ಇಲ್ಲ ಅನ್ನುತ್ತಾರೆ. 2010ರಲ್ಲಿ ಟಿವಿ ಸಂದರ್ಶನವೊಂದರಲ್ಲಿ ಎಮಿನೆಮ್ ಅದಕ್ಕೆ ಡೋರ್ ಹಿಂಜ್, ಸ್ಟೋರೇಜ್ ಅಂತ ಪದಗಳನ್ನು ಬಗ್ಗಿಸಿ ಕೂರಿಸಿ ತೋರಿಸಿದರು. ಕನ್ನಡದಲ್ಲಿ ಇದು ಇನ್ನೂ ಸಲೀಸು.

ನಿಮ್ಮ ನೆಚ್ಚಿನವರು ಮಿಗೋಸ್ ಅನ್ನುವ ಗುಂಪಿನವರಾಗಿದ್ದರೆ ಹದಿನಾರು ಮನೆ ಬಿಡಿ, ಹನ್ನೆರಡು ಎಣಿಸಿ. ಏಟಿಗೆ ಮೂರು. ತಕಿಟ ತಕಿಟ ತಕಿಟ ತಕಿಟ. ಟ್ರಿಪ್ಲೆಟ್ ಫ್ಲೋ ಅಂತ ಅಷ್ಟು ದೊಡ್ಡದಾಗಿ ಹೇಳುತ್ತಾರಲ್ಲ, ಅದು ನಮ್ಮ ತಿಶ್ರ ನಡೆ. ಅಮೆರಿಕದ ಮೆಂಫಿಸ್ ಊರಿನವರು ತೊಂಬತ್ತರ ದಶಕದಲ್ಲೇ ಮಾಡುತ್ತಿದ್ದರು. 2013ರ ಹೊತ್ತಿಗೆ ಅಟ್ಲಾಂಟಾ ಕಡೆಯ ಮಿಗೋಸ್ ಅದನ್ನು ಎಲ್ಲರ ಬಾಯಿಗೆ ತಂದರು.

ಇನ್ನು, ನಕಲು ಮಾಡುವುದು ಅವಮಾನ ಅಂತ ಕೆಲವರು ಮಕ್ಕಳನ್ನು ಹೆದರಿಸುತ್ತಾರೆ. ಸುಮ್ನೆ ಹೆದರಿಸುತ್ತಾರೆ. 2009ರಲ್ಲಿ ಕೆಂಡ್ರಿಕ್ ಲಮಾರ್ ಅವರು ಲಿಲ್ ವೇಯ್ನ್ ಅನ್ನುವ ಇನ್ನೊಬ್ಬ ರ‍್ಯಾಪರ್ ಹಿಂದಿನ ವರ್ಷ ತಂದ ಆಲ್ಬಮ್ಮಿನ ಬೀಟುಗಳನ್ನೇ ಹೆಚ್ಚಾಗಿ ಇಟ್ಟುಕೊಂಡು ಒಂದು ಮಿಕ್ಸ್‌ಟೇಪ್ ಮಾಡಿದರು. ಬಹಿರಂಗವಾಗಿ, ಪ್ರೀತಿಯಿಂದ. ಅದೇ ಕೆಂಡ್ರಿಕ್‌ಗೆ 2018ರಲ್ಲಿ ಅಮೆರಿಕದ ದೊಡ್ಡ ಪ್ರಶಸ್ತಿ, ಸಂಗೀತದ ಪುಲಿಟ್ಜರ್ ಬಂತು. ಅದುವರೆಗೆ ಶಾಸ್ತ್ರೀಯ ಸಂಗೀತ ಮತ್ತು ಜಾಜ್ ಬಿಟ್ಟು ಬೇರೆ ಯಾವ ಸಂಗೀತಕ್ಕೂ ಆ ಪ್ರಶಸ್ತಿ ಹೋಗಿರಲಿಲ್ಲ. ಎಮಿನೆಮ್ 1996ರಲ್ಲಿ ತಂದ ಮೊದಲ ಆಲ್ಬಂ ಕೇಳಿದ ಅವರ ಊರು ಡೆಟ್ರಾಯ್ಟಿನ ಜನ, ಇದು ನ್ಯೂಯಾರ್ಕಿನ ರ‍್ಯಾಪರ್ ನ್ಯಾಸ್ ಥರ ಇದೆ, ಎಜ಼ೀ ಥರ ಇದೆ ಅಂದರು. ಮೂರು ವರ್ಷದಲ್ಲಿ ಅವರು ಯಾರ ಥರವೂ ಇಲ್ಲದೆ ಎದ್ದು ನಿಂತರು. ಹಾಗಾಗಿ ಧೈರ್ಯವಾಗಿ ನಕಲು ಮಾಡಿ. ಲೆಕ್ಕವನ್ನು ನಕಲು ಮಾಡಿ.

ದಯವಿಟ್ಟು ಮೊದಲೇ ಮೈಕು, ಸರ, ಟೋಪಿ ಕೊಳ್ಳಲು ಹೋಗಬೇಡಿ. ಅಪ್ಪ ಅಮ್ಮನ ಹತ್ತಿರ ದುಡ್ಡು ಕೇಳಬೇಡಿ. ಒಂದು ಚೌಕದ ಪುಸ್ತಕ, ಒಂದು ಪೆನ್ಸಿಲ್, ಕೈಯಲ್ಲಿರುವ ಫೋನ್ ಸಾಕು. ನಿಮಿಷಕ್ಕೆ 90 ಏಟಿನ ಬೀಟ್ ಹಾಕಿಕೊಳ್ಳಿ. ಆ ವೇಗದಲ್ಲಿ ಹದಿನಾರು ಬಾರ್ ಅಂದರೆ ಸುಮಾರು 43 ಸೆಕೆಂಡ್ ಅಷ್ಟೇ. ಅಷ್ಟನ್ನೇ ರೆಕಾರ್ಡ್ ಮಾಡಿ. ಮಧ್ಯೆ ನಿಲ್ಲಿಸಬೇಡಿ, ತಪ್ಪಾದರೂ ಮುಂದೆ ಹೋಗಿ. ಬೀಟನ್ನು ಇಯರ್‌ಫೋನಿನಲ್ಲಿ ಕೇಳಿಕೊಂಡು, ಫೋನಿಗೆ ನಿಮ್ಮ ದನಿ ಮಾತ್ರ ಬೀಳುವ ಹಾಗೆ ಮಾಡಿ. ಆಮೇಲೆ ಆ ಬರೀ ದನಿಯನ್ನು ಕೇಳುತ್ತಾ ಕೈ ತಟ್ಟಿ. ಬೀಟ್ ಇಲ್ಲದೆಯೂ ನಿಮ್ಮ ಮಾತಿನಲ್ಲೇ ಏಟು ಕೇಳಿಸಿದರೆ ಆ ಪುಟ ಮುಗಿಯಿತು, ಮುಂದಿನ ಎಂಟು ಸಾಲಿಗೆ ಹೋಗಿ. ಕೇಳಿಸದಿದ್ದರೆ ವೇಗವನ್ನು 70ಕ್ಕೆ ಇಳಿಸಿ ಮತ್ತೆ ತಕಧಿಮಿಯಿಂದ ಶುರು ಮಾಡಿ.

ನಮಸ್ಕಾರ.